ಗೂಡ್ಸ್ ಗಾಡಿಯ ಗುದ್ದನ್ನು ಲೆಕ್ಕದಲ್ಲಿ ಹಿಡಿಯಲು ಹೋಗಿ

ನಮ್ಮ ಸೋದರಮಾವ ಹುಬ್ಬಳ್ಳಿಯಲ್ಲಿ ಗೂಡ್ಸ್ ಗಾರ್ಡ್ ಆಗಿದ್ದರು. ಮುಂದೆ ಬ್ರೇಕ್ ಹಾಕಿದ್ದು ಅವರಿಗೆ ಮೊದಲು ಕಿವಿಗೇ ಗೊತ್ತಾಗುತ್ತಿತ್ತಂತೆ. ಖಣಖಣ ಸದ್ದು ಒಂದೊಂದೇ ವ್ಯಾಗನ್ ದಾಟಿಕೊಂಡು ಬಂದು, ಕೊನೆಗೆ ಗಾಡಿಯ ಹಿಂತುದಿಯಲ್ಲಿ ಅವರು ಕೂತಿದ್ದ ಬ್ರೇಕ್ ವ್ಯಾನಿಗೆ ಗುದ್ದುತ್ತಿತ್ತು. ಆ ಗುದ್ದು ಎಷ್ಟು ಟನ್ ಇರಬಹುದು ಅಂತ ನೋಡಲು ಪೈಥಾನ್‌ನಲ್ಲಿ ಒಂದು ಮಾಡೆಲ್ ಬರೆಯಲು ಕೂತೆ.

ಕಲ್ಲಿದ್ದಲು ಸಾಗಿಸುವಂಥ, ಮೇಲೆ ತೆರೆದ 58 ಬಾಕ್ಸ್‌ಎನ್ ವ್ಯಾಗನ್ ತೆಗೆದುಕೊಂಡೆ. ತುಂಬಿದಾಗ ಒಂದೊಂದು 81.28 ಟನ್, ಉದ್ದ 10.7 ಮೀಟರ್. ಎಂಜಿನ್ ಬಿಟ್ಟು ಸುಮಾರು 4,700 ಟನ್, 620 ಮೀಟರ್. ಪ್ರತಿ ವ್ಯಾಗನ್ ಹಳಿಯ ಮೇಲೆ ಹಿಂದೆ ಮುಂದೆ ಮಾತ್ರ ಸರಿಯುವ ಒಂದು ಗುಂಡು ಅಂದುಕೊಂಡೆ. ಎರಡೂ ಕಡೆಯ ಕಪ್ಲರ್ (ವ್ಯಾಗನ್‌ಗಳನ್ನು ಒಂದಕ್ಕೊಂದು ಜೋಡಿಸುವ ಕೊಂಡಿ) ಬಲ, ಬ್ರೇಕು, ಏರು, ಉರುಳುವಾಗಿನ ತಡೆ, ಇಷ್ಟನ್ನೂ ಕೂಡಿ ಕಳೆದರೆ ಸಮೀಕರಣ ಸಿದ್ಧ. ಒಂದು ಸಂಜೆಯ ಕೆಲಸ ಅಷ್ಟೆ.

ನಿಜವಾದ ತಲೆನೋವು ಕಪ್ಲರ್. ಮೊದಲು ನಾನು ಅದನ್ನು ಒಂದು ಸ್ಪ್ರಿಂಗ್, ಜೊತೆಗೆ 25 ಮಿ.ಮೀ. ಸಡಿಲ ಅಂತ ಹಾಕಿದ್ದೆ. ಗ್ರಾಫ್ ಚೆನ್ನಾಗೇ ಬಂತು. ಮಾವನಿಗೆ ತೋರಿಸಿದೆ. ಕೊನೆಯ ವ್ಯಾಗನ್ನಿನ ಗೆರೆ ಮೇಲೆ ಕೆಳಗೆ ಕುಣಿಯುತ್ತಲೇ ಇತ್ತು. ಅವರು ಕನ್ನಡಕ ಸರಿಮಾಡಿಕೊಂಡು, "ಹಿಂಗ ಎಲ್ಲೆರ ಆಗತದೇನೋ ತಮ್ಮಾ? ಒಮ್ಮೆ ಧಡ್ ಅಂತದ, ಇನ್ನೊಮ್ಮೆ ಸಣ್ಣಗ ಅಂತದ, ಮುಗೀತು" ಅಂದರು.

ಅವರು ಹೇಳಿದ್ದೇ ಸರಿ. ಕಪ್ಲರಿನ ಹಿಂದೆ ಡ್ರಾಫ್ಟ್ ಗೇರ್ ಇರುತ್ತದೆ. ಅದರೊಳಗೆ ಉಕ್ಕಿನ ಬೆಣೆಗಳು ಒಂದಕ್ಕೊಂದು ಉಜ್ಜುತ್ತವೆ. ಒಳಗೆ ಒತ್ತಲು ಜಾಸ್ತಿ ಬಲ ಬೇಕು, ವಾಪಸ್ ಬರುವಾಗ ಅದು ಕೊಡುವುದು ಸ್ವಲ್ಪವೇ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ನನ್ನ ಸ್ಪ್ರಿಂಗ್ ಮಾತ್ರ ತಿಂದದ್ದನ್ನೆಲ್ಲ ವಾಪಸ್ ಕೊಡುತ್ತಿತ್ತು.

ಸರಿ, ಒತ್ತುವಾಗ ಒಂದು ಗೆರೆ, ಬಿಡುವಾಗ ಕೆಳಗೆ ಇನ್ನೊಂದು ಗೆರೆ ಬರೆದೆ. ಎರಡರ ನಡುವೆ ಜಿಗಿಯುವುದು ಯಾವಾಗ? ಪಕ್ಕದ ಎರಡು ವ್ಯಾಗನ್‌ಗಳ ವೇಗದ ವ್ಯತ್ಯಾಸ ಸೊನ್ನೆ ದಾಟಿದಾಗ. ಸೊನ್ನೆಯ ಹತ್ತಿರ ಲೆಕ್ಕ ಗಿರಗಿರ ತಿರುಗಿ ಅಲ್ಲೇ ನಿಂತುಬಿಟ್ಟಿತು. ಜಿಗಿತದ ಬದಲು ಇಳಿಜಾರು ಮಾಡಿದೆ. ಸೆಕೆಂಡಿಗೆ 1 ಮಿ.ಮೀ. ವ್ಯತ್ಯಾಸದೊಳಗೆ ಒಂದು ಗೆರೆಯಿಂದ ಇನ್ನೊಂದಕ್ಕೆ ಹೋಗು ಅಂದರೆ ಅಂಕಿಗಳು ಹುಚ್ಚೆದ್ದವು. 1 ಸೆಂ.ಮೀ.ಗೆ ಏರಿಸಿ, ಅರ್ಧ ಮಿಲಿಸೆಕೆಂಡಿನ ಹೆಜ್ಜೆ ಇಟ್ಟ ಮೇಲೆ ಸುಮ್ಮನಾದವು. ಈ ಎರಡು ಅಂಕಿಗೆ ಮೂರು ವಾರ ಹೋಯಿತು ಅಂದರೆ ಯಾರೂ ನಂಬುವುದಿಲ್ಲ.

ಬ್ರೇಕ್ ಹಾಕಿದಾಗ ಗುದ್ದು ಹುಟ್ಟುವುದು ತಡದಿಂದ. ಬ್ರೇಕ್ ಪೈಪಿನ ಗಾಳಿಯ ಒತ್ತಡ ಚದರ ಸೆಂ.ಮೀ.ಗೆ 5 ಕೆ.ಜಿ.ಯಿಂದ ಇಳಿದರೆ ಬ್ರೇಕ್ ಹಿಡಿಯುತ್ತದೆ; ಇಳಿದ ಸುದ್ದಿ ಹಿಂದಕ್ಕೆ ಹೋಗಲು ಸಮಯ ಬೇಕು. ಸೆಕೆಂಡಿಗೆ 200 ಮೀಟರ್ ಹಿಡಿದರೆ ಕೊನೆಯ ವ್ಯಾಗನ್‌ಗೆ ಮೂರು ಸೆಕೆಂಡ್. ಅಷ್ಟರಲ್ಲಿ ಮುಂದಿನವು ಬ್ರೇಕ್ ಹಿಡಿಯಲು ಶುರು ಮಾಡಿರುತ್ತವೆ, ಹಿಂದಿನವು ಬಂದು ಒರಗುತ್ತವೆ. 2022ರ ಆಗಸ್ಟ್ 15ರಂದು ಓಡಿದ 'ಸೂಪರ್ ವಾಸುಕಿ' 295 ವ್ಯಾಗನ್‌ಗಳ, 3.5 ಕಿ.ಮೀ. ಉದ್ದದ ಗಾಡಿ. ಅದರಲ್ಲಿ ಸುದ್ದಿ ಮುಂದಿನ ತುದಿಯಿಂದ ಮಾತ್ರ ಹೊರಟರೆ 17 ಸೆಕೆಂಡ್ ಬೇಕು!

ಸಮತಟ್ಟಿನಲ್ಲಿ ಸರಿಹೋದ ಮೇಲೆ ಇದೇ ಗಾಡಿಯನ್ನು ಲೆಕ್ಕದಲ್ಲೇ ಗೋವಾದ ಕುಳೇಮ್‌ನಿಂದ ಘಟ್ಟದ ಮೇಲಿನ ಕ್ಯಾಸಲ್‌ರಾಕ್‌ಗೆ ಹತ್ತಿಸಿದೆ. ಬ್ರಗಾಂಜಾ ಘಾಟಿಯ ಏರು 37ಕ್ಕೆ 1. ಗಾಡಿ ಜಾರದಂತೆ ಹಿಡಿಯಲೇ 127 ಟನ್ ಬಲ ಬೇಕು. ಮುಂದಿನ ಎಂಜಿನ್‌ಗಳೇ ಎಳೆದರೆ ಅಷ್ಟೂ ಮೊದಲ ಕಪ್ಲರಿನ ಮೇಲೆ. ಹಾಗಾಗಿ ಹಿಂದೆ ಬ್ಯಾಂಕರ್ ಎಂಜಿನ್ ಹಚ್ಚಿ ತಳ್ಳಿಸಿದೆ. ಮುಂದಿನವು 60 ಪಾಲು, ಹಿಂದಿನವು 40 ಪಾಲು ಹೊತ್ತರೆ 35ನೇ ವ್ಯಾಗನ್ ಹತ್ತಿರ ಎಳೆತವೂ ಇಲ್ಲ, ತಳ್ಳೂ ಇಲ್ಲ. ಆ ಜಾಗ ಗ್ರಾಫಿನಲ್ಲಿ ಅಲೆಯುತ್ತಿತ್ತು. ಮುಂದಿನ ಎಂಜಿನ್‌ನ ಶಕ್ತಿ ಒಂದು ನಾಚ್, ಅಂದರೆ ಒಂದು ಹಂತ, ಏರಿಸಿದರೆ ಸಾಕು, ಹಿಂದಕ್ಕೆ ಸರಿಯುತ್ತದೆ. ಸರಿಯುವಾಗ ದಾರಿಯಲ್ಲಿನ ಸಡಿಲವೆಲ್ಲ ಒಂದೊಂದಾಗಿ ಬಿಗಿಯುತ್ತದೆ. ನನಗೆ ಇಡೀ ಕೆಲಸದಲ್ಲಿ ಜಾಸ್ತಿ ಖುಷಿ ಕೊಟ್ಟ ಗ್ರಾಫ್ ಇದು.

ಹೊಸ ಗ್ರಾಫ್ ಹಿಡಿದು ಮತ್ತೆ ಮಾವನ ಹತ್ತಿರ ಹೋದೆ. ಧಡ್, ಆಮೇಲೆ ಸಣ್ಣದೊಂದು, ಅಷ್ಟೆ. ತಲೆ ಆಡಿಸಿದರು. ಆಮೇಲೆ, "ಬ್ರೇಕ್ ಬಿಡೂದು ಎಲ್ಲಿ ಐತಿ? ಹಿಂದಿನವು ಇನ್ನೂ ಬಿಟ್ಟಿರೂದಿಲ್ಲ, ಡ್ರೈವರ್ ಮುಂದ ಜಗ್ಗತಾನ. ಪಾರ್ಟಿಂಗ್ ಆಗೂದು ಆವಾಗ" ಅಂದರು. ಪಾರ್ಟಿಂಗ್ ಅಂದರೆ ನಡುವೆ ಎಲ್ಲೋ ಕೊಂಡಿ ತುಂಡಾಗಿ ಗಾಡಿ ಎರಡಾಗುವುದು. ನಮ್ಮ ಗೂಡ್ಸ್ ವ್ಯಾಗನ್‌ನಲ್ಲಿ ಬ್ರೇಕ್ ಪೂರ್ತಿ ಬಿಡಲು 45ರಿಂದ 60 ಸೆಕೆಂಡ್ ಬೇಕು. ನಾನು ಹತ್ತು ಅಂತ ಹಾಕಿದ್ದೆ. ಈಗ ಅದನ್ನು ತಿದ್ದುತ್ತಿದ್ದೇನೆ.