ದಾಳಿಂಬೆ ಸಿಪ್ಪೆಯಿಂದ ಕ್ರೀಮ್ ಮಾಡಿದ್ದು: ನನ್ನ ಅನುಭವ

ಬಾಗಲಕೋಟೆಯಲ್ಲಿ ನಮ್ಮ ಘಟಕದ ಪಕ್ಕದ ಜ್ಯೂಸ್ ಅಂಗಡಿಯಿಂದ ದಿನಾ ಬುಟ್ಟಿಗಟ್ಟಲೆ ದಾಳಿಂಬೆ ಸಿಪ್ಪೆ ತಿಪ್ಪೆಗೆ ಹೋಗುತ್ತಿತ್ತು. ಹಣ್ಣಿನ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಸಿಪ್ಪೆಯೇ ಅಲ್ವಾ? ನಾನು ಕ್ರೀಮು, ಲೋಷನ್ ಮಾಡುವವಳು. ನೋಡಿ ಸುಮ್ನೆ ಇರಲಾಗಲಿಲ್ಲ.

ಸಿಪ್ಪೆಯನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿದೆ. ನೀರು ಬೆರೆಸಿದ ಎಥನಾಲ್ (ಆಲ್ಕೋಹಾಲ್) ತಗೊಂಡು, ಒಂದು ಪಾಲು ಪುಡಿಗೆ ಅದನ್ನು ಹತ್ತು ಪಾಲು ಹಾಕಿ ರಾತ್ರಿಯಿಡೀ ನೆನೆಸಿ ಸೋಸಿದೆ. ಜೇನಿನ ಬಣ್ಣದ ರಸ ಬಂತು. ಪರೀಕ್ಷೆಗೆ ಅಂತ ಡಿಪಿಪಿಎಚ್ ಅನ್ನುವ ರಾಸಾಯನಿಕದ ದ್ರಾವಣಕ್ಕೆ ಎರಡು ಹನಿ ಬಿಟ್ಟೆ. ಗಾಢ ನೇರಳೆ ದ್ರಾವಣ ಕಣ್ಣೆದುರೇ ತಿಳಿಯಾಗುತ್ತಾ ಹಳದಿಗೆ ತಿರುಗಿತು. ಆಂಟಿಆಕ್ಸಿಡೆಂಟ್ ಗುಣ ಇದೆ ಅನ್ನಲು ಅದೇ ಗುರುತು.

ಆ ರಸ ಬತ್ತಿಸಿ ಹಾಕಿದ ಕ್ರೀಮ್ ಮಾತ್ರ ಮರುದಿನವೇ ಬೂದಿಗಪ್ಪಾಯಿತು. ಎರಡು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ಗೊತ್ತಾಯ್ತು, ರಸ ಬತ್ತಿಸಿದ್ದು ಕಬ್ಬಿಣದ ಬಾಣಲೆಯಲ್ಲಿ! ಸಿಪ್ಪೆಯ ಒಗರಿಗೆ ಕಾರಣ ಟ್ಯಾನಿನ್. ಅದಕ್ಕೆ ಕಬ್ಬಿಣ ಸೇರಿದರೆ ಆಗುವುದು ಶಾಯಿ. ಆಮೇಲೆ ಬರೀ ಗಾಜು, ಸ್ಟೀಲ್ ಪಾತ್ರೆ. ಕ್ರೀಮಿಗೆ ಚೂರು ಇಡಿಟಿಎ ಕೂಡ ಹಾಕುತ್ತೇನೆ, ಉಳಿದ ಕಬ್ಬಿಣವನ್ನು ಅದು ಹಿಡಿದಿಡುತ್ತದೆ.

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಟೈರೋಸಿನೇಸ್ ಅನ್ನುವ ಕಿಣ್ವ ಬೇಕು. ಅದರೊಳಗೆ ತಾಮ್ರ ಇದೆ. ಸಿಪ್ಪೆಯ ಎಲಾಜಿಕ್ ಆಮ್ಲ ಆ ತಾಮ್ರವನ್ನೇ ಹಿಡಿದು ಕಿಣ್ವದ ಕೆಲಸ ನಿಧಾನ ಮಾಡುತ್ತದೆ. ಆದರೆ ಈ ಆಮ್ಲ ನೀರಿನಲ್ಲಿ ಸರಿಯಾಗಿ ಕರಗುವುದೇ ಇಲ್ಲ. ಬಾಟಲಿಯ ತಳದಲ್ಲಿ ಗಸಿಯಾಗಿ ಕೂತಿದ್ದರೆ ಚರ್ಮಕ್ಕೆ ಏನು ಸಿಕ್ಕೀತು? ಹಾಗಾಗಿ ಪರೀಕ್ಷಾ ನಳಿಕೆಯ ಫಲಿತಾಂಶ ತೋರಿಸಿ ನಾನು ಕ್ರೀಮ್ ಮಾರುವುದಿಲ್ಲ. ಲೇಬಲ್ ಮೇಲೆ 'ಬೆಳ್ಳಗಾಗುತ್ತೀರಿ' ಅಂತ ಬರೆಯುವುದೂ ಇಲ್ಲ. ನಮ್ಮ ಕಪ್ಪು ಬಣ್ಣ ರೋಗವಲ್ಲ. ಬಿಸಿಲಿನ ಕಲೆ ತಿಳಿಯಾಗಬೇಕು ಅನ್ನುವವರಿಗೆ ಮೊದಲು ಸನ್‌ಸ್ಕ್ರೀನ್ ಹಚ್ಚಿ ಅನ್ನುತ್ತೇನೆ.

ಸೋಪು ಮಾಡಿಕೊಡಿ ಅಂತ ಜಾಸ್ತಿ ಜನ ಕೇಳುತ್ತಾರೆ. ಸೋಪಿನ ಕ್ಷಾರಕ್ಕೆ ಈ ರಸ ಕಂದಾಗಿ ಕೆಡುತ್ತದೆ, ಆಗಲ್ಲ ಅನ್ನುತ್ತೇನೆ. ಕ್ರೀಮಿನ ಪಿಎಚ್ 5ರ ಆಸುಪಾಸು, ಅಂದರೆ ಕ್ಷಾರದ ಕಡೆಗಲ್ಲ, ತುಸು ಆಮ್ಲದ ಕಡೆಗೆ ಇಡುತ್ತೇನೆ. ಪ್ರಿಸರ್ವೇಟಿವ್ ಬಿಡುವ ಮಾತೇ ಇಲ್ಲ, ಬೂಷ್ಟು ಹಿಡಿದ ಕ್ರೀಮಿಗಿಂತ ಅದು ಎಷ್ಟೋ ವಾಸಿ.

ಈಗ ಅಂಗಡಿ ಸಿಪ್ಪೆ ತರುವುದನ್ನು ಬಿಟ್ಟಿದ್ದೇನೆ. ದುಂಡಾಣು ಅಂಗಮಾರಿ ಅನ್ನುವ ಬೆಳೆ ರೋಗಕ್ಕೆ ಹೆದರಿ ದಾಳಿಂಬೆಗೆ ಮತ್ತೆ ಮತ್ತೆ ಔಷಧಿ ಹೊಡೆಯುತ್ತಾರೆ. ಅದೆಲ್ಲ ಬೀಳುವುದು ಸಿಪ್ಪೆಯ ಮೇಲೆಯೇ. ಅಂಗಡಿಯವರಿಗೆ ಹಣ್ಣು ಯಾವ ತೋಟದ್ದು ಅಂತಲೂ ಗೊತ್ತಿರುವುದಿಲ್ಲ. ಅದಕ್ಕೇ ಗುರುತಿನ ರೈತರೊಬ್ಬರ ತೋಟದಿಂದ ಒಡೆದ ಹಣ್ಣು ತರುತ್ತೇನೆ. ಚೀಲ ಬಿಚ್ಚುವ ಮೊದಲು ಕೇಳುವುದು ಒಂದೇ: "ಕಾಕಾ, ಕಡೀ ಸಲ ಎಣ್ಣಿ ಹೊಡ್ದು ಎಷ್ಟ್ ದಿನಾ ಆತು?"