ಗಲ್ಫ್‌ನಲ್ಲಿ ದುಡಿಯುವವರ ಮನೆಯವರಿಗೆ

ಇಸಿಆರ್ ಪಾಸ್‌ಪೋರ್ಟ್‌ನಲ್ಲಿ (ಕೆಲಸಕ್ಕೆ ಹೋಗುವ ಮೊದಲು ಸರ್ಕಾರದ ವಲಸೆ ಅನುಮತಿ ಬೇಕಾಗುವ ಪಾಸ್‌ಪೋರ್ಟ್) ಗಲ್ಫ್‌ಗೆ ಕೆಲಸಕ್ಕೆ ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಎಂಬ ವಿಮೆ ಕಡ್ಡಾಯ. ಅಪಘಾತದಲ್ಲಿ ತೀರಿಕೊಂಡರೆ ನಾಮಿನಿಗೆ 10 ಲಕ್ಷ ರೂಪಾಯಿ. ನಡುವೆ ಕಂಪನಿ ಬದಲಿಸಿದರೂ ವಿಮೆ ರದ್ದಾಗುವುದಿಲ್ಲ. ನಮ್ಮ ಪಕ್ಕದ ಮನೆಯಲ್ಲಿ ಆ ಪಾಲಿಸಿ ಅಕ್ಕಿ ಡಬ್ಬದ ಹಿಂದೆ, ಹಳೇ ಬಟ್ಟೆ ಅಂಗಡಿಯ ಕವರಿನಲ್ಲಿತ್ತು. ಹೆಂಡತಿಗೇ ಗೊತ್ತಿರಲಿಲ್ಲ! ಇವತ್ತೇ ಪಾಲಿಸಿಯ ಒಂದು ಫೋಟೋ ತರಿಸಿಕೊಳ್ಳಿ. ಪಾಲಿಸಿ 2 ಅಥವಾ 3 ವರ್ಷಕ್ಕಷ್ಟೇ, ದಿನಾಂಕ ನೋಡಿ.

ಯುಎಇಯಲ್ಲಿ ಇದ್ದರೆ ಗ್ರಾಚ್ಯುಟಿ, ಅಂದರೆ ಕೆಲಸ ಮುಗಿದಾಗ ಕಂಪನಿ ಕೊಡುವ ಹಣ, ಬೇರೆ ಉಂಟು. ಮೊದಲ 5 ವರ್ಷ, ವರ್ಷಕ್ಕೆ 21 ದಿನದ ಸಂಬಳ. ಆಮೇಲೆ 30 ದಿನದ್ದು. ಲೆಕ್ಕ ಬೇಸಿಕ್ (ಭತ್ಯೆ ಸೇರದ ಮೂಲ ಸಂಬಳ) ಮೇಲೆ ಮಾತ್ರ, ಅಲ್ಲೇ ಜಾಸ್ತಿ ಜನ ಎಡವುತ್ತಾರೆ. ನೌಕರ ತೀರಿಕೊಂಡರೆ ಅದು ಮನೆಯವರಿಗೆ ಸೇರಬೇಕು. ಹಾಗೇ, ನಾಮಿನಿ ಹೆಸರು ಪಾಸ್‌ಪೋರ್ಟ್‌ನಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು ಇದ್ದರೆ ಈಗಲೇ ಸರಿಮಾಡಿಸಿ.