ಆಡಳಿತ ಮಂಡಳಿಯ ನಿಯಮಗಳನ್ನು ನಾವು ಒಟ್ಟು ಮಾಡಿದ್ದು ಹೀಗೆ

ಕೇರಳದ ಮಂಜೇಶ್ವರ ತಾಲೂಕಿನ ಒಂದು ಅನುದಾನಿತ ಕನ್ನಡ ಶಾಲೆಯ ಆಡಳಿತ ಮಂಡಳಿಗೆ ನಾನು ಕಾರ್ಯದರ್ಶಿ. ನಮ್ಮಲ್ಲಿ ನಿಯಮಗಳಿಗೇನೂ ಬರ ಇರಲಿಲ್ಲ. ಅವು ಎಲ್ಲಿವೆ ಅಂತ ಹೇಳುವವರಿರಲಿಲ್ಲ, ಅಷ್ಟೇ. ಕೆಲವು ಹಳೇ ಮಿನಿಟ್ಸ್ ಪುಸ್ತಕಗಳಲ್ಲಿ, ಉಳಿದವು ಹಿರಿಯ ಸದಸ್ಯರ ನೆನಪಿನಲ್ಲಿ.

ಮೊದಲು ಮಿನಿಟ್ಸ್ ಓದಿ, ಒಂದೊಂದು ನಿರ್ಣಯವನ್ನೂ ಒಂದೊಂದು ಚೀಟಿಯಲ್ಲಿ ಬರೆದೆವು. ಆಮೇಲೆ ಪ್ರತಿ ಚೀಟಿಗೂ ಒಂದೇ ಪ್ರಶ್ನೆ: ಇದನ್ನು ಬದಲಾಯಿಸುವ ಅಧಿಕಾರ ಯಾರದ್ದು? ಸರಕಾರದ್ದೋ, ಮಂಡಳಿಯದ್ದೋ, ಹೆಡ್ಮಾಷ್ಟ್ರದ್ದೋ? ಹೀಗೆ ಮೂರು ಫೈಲು ಆಯಿತು.

ಸರಕಾರದ ಫೈಲೇ ದಪ್ಪ. 1958ರ ಕೇರಳ ಶಿಕ್ಷಣ ಕಾಯ್ದೆ, 1959ರ ಕೇರಳ ಶಿಕ್ಷಣ ನಿಯಮಗಳು (ಕೆಇಆರ್), 2009ರ ಶಿಕ್ಷಣ ಹಕ್ಕು ಕಾಯ್ದೆ. ಇವನ್ನು ನಮ್ಮ ಮಾತಿನಲ್ಲಿ ಮತ್ತೆ ಬರೆಯಲಿಲ್ಲ. ಅಧ್ಯಾಯ, ನಿಯಮದ ನಂಬ್ರ ಮಾತ್ರ ಹಾಕಿದೆವು. ಬರೆದಿಟ್ಟರೆ ಅಲ್ಲಿ ತಿದ್ದುಪಡಿ ಆದಾಗ ನಮ್ಮ ಪ್ರತಿ ಹಳತಾಗಿ ಉಳಿಯುತ್ತದೆ ಅಲ್ವಾ.

ನೇಮಕಾತಿಯಲ್ಲಿ 'ನಮ್ಮ ಶಾಲೆಯಲ್ಲೇ ಕಲಿತವರಿಗೆ ಮೊದಲ ಆದ್ಯತೆ' ಅಂತ ಸೇರಿಸಬೇಕು ಎಂದು ಒಬ್ಬರು ಹಟ ಹಿಡಿದರು. ಕೆಇಆರ್‌ನ 14-ಎ ಅಧ್ಯಾಯದ 51-ಎ ನಿಯಮ ತೆಗೆದು ತೋರಿಸಬೇಕಾಯಿತು. ಹುದ್ದೆ ಇಲ್ಲದೆ ಹೊರಗೆ ಹೋದ ಅಧ್ಯಾಪಕರಿಗೆ ಅದೇ ಮ್ಯಾನೇಜ್‌ಮೆಂಟಿನಲ್ಲಿ ಮುಂದೆ ಹುದ್ದೆ ಬಂದಾಗ ಮೊದಲ ಹಕ್ಕು. ಸಂಬಳ ಕೊಡುವುದು ಸರಕಾರ, ನೇಮಕಾತಿಗೆ ಶಿಕ್ಷಣಾಧಿಕಾರಿಯ ಅಂಗೀಕಾರವೂ ಬೇಕು. ಆ ಚೀಟಿ ಅಲ್ಲಿಗೇ ಬಿತ್ತು.

ಟೈಮ್‌ಟೇಬಲ್, ಅಸೆಂಬ್ಲಿ, ಯಾವ ಟೀಚರಿಗೆ ಯಾವ ಕ್ಲಾಸು, ಇದೆಲ್ಲ ಹೆಡ್ಮಾಷ್ಟ್ರ ಫೈಲಿಗೆ. "ಎಲ್ಲ ಅವರಿಗೇ ಬಿಟ್ರೆ ನಮಗೆಂತ ಕೆಲಸ ಮಾರಾಯ್ರೇ?" ಎಂದರು ಒಬ್ಬ ಹಿರಿಯರು. ಮಂಡಳಿಯ ಫೈಲಿಗೆ ಉಳಿದದ್ದು ಜಾಗ, ಕಟ್ಟಡ, ದತ್ತಿನಿಧಿ, ದೇಣಿಗೆ, ದೂರು — ಇಷ್ಟು ಸಾಲದಾ!

ಜಾಸ್ತಿ ಚರ್ಚೆ ಆದದ್ದು ಮೈದಾನದ ಬಗ್ಗೆ. ಊರಿನ ಕಾರ್ಯಕ್ರಮಕ್ಕೆ ಉಚಿತ ಅಂತ ಒಂದು ಹಳೇ ನಿರ್ಣಯ, ಎಲ್ಲರಿಗೂ ಬಾಡಿಗೆ ಅಂತ ಇನ್ನೊಂದು. ಯಕ್ಷಗಾನದವರು ಮೊದಲನೆಯದನ್ನು ತೋರಿಸುತ್ತಿದ್ದರು, ನಮ್ಮ ಖಜಾಂಚಿ ಎರಡನೆಯದನ್ನು. ಕೊನೆಗೆ ಬರೆದದ್ದು ಇಷ್ಟು: ತರಗತಿ ಇರುವ ಹೊತ್ತಿಗೆ ಮೈದಾನ ಇಲ್ಲ. ಅರ್ಜಿ ಬರಹದಲ್ಲೇ ಬೇಕು. ಕರೆಂಟಿನ ದುಡ್ಡು, ಮರುದಿನ ಗುಡಿಸುವ ಕೆಲಸ ಎರಡೂ ಮೈದಾನ ಪಡೆದವರದ್ದು. ರಾತ್ರಿಯಿಡೀ ಯಕ್ಷಗಾನದ ಆಟಕ್ಕೆ ಮೈಕ್ ಬಿಡಬೇಕೇ ಬೇಡವೇ ಎಂಬುದನ್ನು ನಾವು ಬರೆಯಲೇ ಇಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳ ತಡೆ ಇದೆ. ಅದರ ನಂಬ್ರ ಹಾಕಿದೆವು. ಬೈಗುಳ ಕೂಡ ಅತ್ತ ಹೋಗಲಿ!

ಒಂದು ನೀತಿಗೆ ಒಂದೇ ಪುಟ. ಮೇಲೆ ನಂಬ್ರ, ಪಾಸಾದ ತಾರೀಕು, ಮತ್ತೆ ನೋಡಬೇಕಾದ ವರ್ಷ. ಕೆಳಗೆ, ಇದರಿಂದ ರದ್ದಾಗುವ ಹಳೇ ನಿರ್ಣಯ ಯಾವುದು ಎಂದು. ನನ್ನ ಕೇಳಿದರೆ ಈ ಕೊನೆಯ ಸಾಲೇ ಮುಖ್ಯ. ಅದಿಲ್ಲದಿದ್ದರೆ ಹಳತೂ ಹೊಸತೂ ಎರಡೂ ಜೀವಂತ. ಜಾಗ-ಕಟ್ಟಡಕ್ಕೆ 100ರ ಸಾಲು, ಹಣಕ್ಕೆ 200, ದೂರಿಗೆ 300. ನಡುವೆ ನಂಬ್ರ ಖಾಲಿ ಬಿಟ್ಟದ್ದು ಮುಂದೆ ಬರುವವುಗಳಿಗೆ.

ಯಾವುದನ್ನೂ ಒಂದೇ ಸಭೆಯಲ್ಲಿ ಪಾಸು ಮಾಡಲಿಲ್ಲ. ಒಂದು ಸಭೆಯಲ್ಲಿ ಓದುವುದು, ಸ್ಟಾಫ್‌ರೂಮಿಗೂ ಪಿಟಿಎಗೂ (ಹೆತ್ತವರ-ಅಧ್ಯಾಪಕರ ಸಂಘ) ಪ್ರತಿ ಕೊಡುವುದು, ಮುಂದಿನ ಸಭೆಯಲ್ಲಿ ತೀರ್ಮಾನ. ದೂರಿನ ಕರಡು ನೋಡಿದ ಒಬ್ಬ ತಾಯಿ ಕೇಳಿದರು: "ಎಲ್ಲ ದೂರೂ ಮ್ಯಾನೇಜರಿಗೆ ಅಂತ ಉಂಟು. ಮ್ಯಾನೇಜರ ಮೇಲೆಯೇ ದೂರಿದ್ದರೆ?" ಮ್ಯಾನೇಜರು ಅಲ್ಲೇ ಕೂತಿದ್ದರು, ನಕ್ಕರು. ಅಂಥ ದೂರು ಈಗ ಅಧ್ಯಕ್ಷರಿಗೆ ಹೋಗುತ್ತದೆ, ಆ ಸಭೆಯಲ್ಲಿ ಮ್ಯಾನೇಜರು ಕೂರುವ ಹಾಗಿಲ್ಲ. 301ನೇ ನಂಬ್ರದ ಮೂರನೇ ಸಾಲು ಅದು.